ಯಾರ ಮುಖವನ್ನು ನಕಲು ಮಾಡೋಣ?

ನನ್ನ ಮೊದಲ ನಕಲು ಹದಿನೇಳನೆಯ ಶತಮಾನದ ಡಚ್ ಕಲಾವಿದ ವರ್ಮೀರನ 'ಮುತ್ತಿನ ಓಲೆಯ ಹುಡುಗಿ'. ಮುಗಿಸಿ ಹಾಲ್‌ನ ಗೋಡೆಗೆ ಒರಗಿಸಿಟ್ಟಿದ್ದೆ. ಊರಿಂದ ಬಂದ ಸೋದರತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಪಾಪ, ಈ ಹುಡುಗಿಗೆ ನೆಗಡಿಯೇನೋ, ಮೂಗು ಊದಿಕೊಂಡಿದೆಯಲ್ಲೋ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೂಲಚಿತ್ರದಲ್ಲಿ ಆ ಹುಡುಗಿಯ ಮೂಗಿನ ಅಂಚಿಗೂ ಆಚೆ ಬದಿಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ. ಎರಡೂ ಒಂದೇ ಬೆಳಕಿನಲ್ಲಿ ಬೆರೆತುಹೋಗಿವೆ. ಮೂಗು ಎಂದ ಮೇಲೆ ಗೆರೆ ಬೇಕಲ್ಲ ಅಂತ ನಾನು ಒಂದು ಗೆರೆ ಎಳೆದಿದ್ದೆ. ಆ ಗೆರೆಯನ್ನು ಮುಚ್ಚಲು ಬಣ್ಣ, ಆ ಬಣ್ಣವನ್ನು ತಿದ್ದಲು ಇನ್ನಷ್ಟು ಬಣ್ಣ. ಕೊನೆಗೆ ಮೂಗು ದಪ್ಪವಾಯಿತು.

ಆಗ ನನಗೆ ಡ್ರಾಯಿಂಗೇ ಸರಿಯಾಗಿ ಬರುತ್ತಿರಲಿಲ್ಲ. ಡ್ರಾಯಿಂಗ್ ಬಾರದವನು ಹಿಡಿಯಬಾರದ ಚಿತ್ರವನ್ನೇ, ಚಂದ ಇದೆ ಅನ್ನುವ ಒಂದೇ ಕಾರಣಕ್ಕೆ ಹಿಡಿದಿದ್ದೆ. ಭಾವಚಿತ್ರ ಕಲಿಯಲು ಹಳೆಯ ದೊಡ್ಡ ಕಲಾವಿದರ ಯಾವ ಚಿತ್ರ ನಕಲು ಮಾಡಲಿ ಅಂತ ಕೇಳುವವರಿಗೆಲ್ಲ ನಾನು ತಿರುಗಿ ಕೇಳುವ ಪ್ರಶ್ನೆ ಇದು: ನೀವು ಬಿಡಿಸುವ ಮುಖ ಎಲ್ಲಿ ಕೆಡುತ್ತದೆ? ಹೋಲಿಕೆಯೇ ಬರುವುದಿಲ್ಲವೇ? ಮುಖ ಚಪ್ಪಟೆಯಾಗಿ ರೊಟ್ಟಿಯಂತೆ ಕಾಣುತ್ತದೆಯೇ? ಹೋಲಿಕೆ ಬಂದರೂ ಮೈಬಣ್ಣ ಗೊಂಬೆಯದ್ದಾಗುತ್ತದೆಯೇ? ಎಲ್ಲ ಸರಿಯಿದ್ದೂ ಮುಖ ಕತ್ತರಿಸಿ ಅಂಟಿಸಿದಂತಿದೆಯೇ? ಒಬ್ಬೊಬ್ಬ ಕಲಾವಿದ ಇದರಲ್ಲಿ ಒಂದೊಂದಕ್ಕೆ ಮದ್ದು. ನಾಲ್ಕಕ್ಕೂ ಒಂದೇ ಮಾತ್ರೆ ಇಲ್ಲ.

ಮೊದಲು ನೋಡಬೇಕಾದದ್ದು

ಕಾಯಿಲೆ ಯಾವುದೆಂದು ತಿಳಿದ ಮೇಲೆ ಇನ್ನು ಮೂರು ವಿಷಯ ತೂಗಿ ನೋಡಿ.

ಒಂದು, ಕುಂಚದ ಗುರುತು ಕಾಣುವಷ್ಟು ಒಳ್ಳೆಯ ಪ್ರತಿ ಸಿಗುತ್ತದೆಯೇ? ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಕಲು ಮಾಡುವುದೆಂದರೆ ಆ ಮನುಷ್ಯ ಯಾವ ಬಣ್ಣ ಮೊದಲು ಹಚ್ಚಿದ, ಯಾವುದನ್ನು ಅದರ ಮೇಲೆ ಎಳೆದ, ಎಲ್ಲಿ ಕೈ ತಡೆದ ಎಂದು ಹಿಂದಿನಿಂದ ಮುಂದಕ್ಕೆ ಪತ್ತೆ ಹಚ್ಚುವುದು. ಮಸುಕು ಫೋಟೊದಲ್ಲಿ ಆ ಪತ್ತೆದಾರಿಕೆಗೆ ಜಾಗವೇ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಚಿತ್ರಗಳ ದೊಡ್ಡ ಫೈಲುಗಳನ್ನು ಬಿಟ್ಟಿಯಾಗಿ ಕೊಡುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೂಡ 2017ರಿಂದ ಹಕ್ಕಿನ ತಕರಾರಿಲ್ಲದ ಚಿತ್ರಗಳನ್ನು ಹಾಗೆಯೇ ಕೊಡುತ್ತಿದೆ. ಅಂಗಡಿಯಲ್ಲಿ ಮಾಡಿಸಿದ ಪ್ರಿಂಟನ್ನು ಪೂರ್ತಿ ನಂಬಬೇಡಿ. ನನ್ನ ಹುಡುಗಿಯ ಕೆನ್ನೆ ಕಿತ್ತಳೆಯಾದದ್ದಕ್ಕೆ ಅರ್ಧ ಕಾರಣ ನಾನು, ಇನ್ನರ್ಧ ಆ ಪ್ರಿಂಟು. ಗೆರೆ, ಅಳತೆಗಳಿಗೆ ಪ್ರಿಂಟು ನೋಡಿ, ಬಣ್ಣಕ್ಕೆ ಪರದೆಯನ್ನು ನೋಡಿ, ಪರದೆಯ ರಾತ್ರಿ ಮೋಡ್ ಆರಿಸಿ.

ಎರಡು, ಎಷ್ಟು ಬಣ್ಣ ಬೇಕು, ಎಷ್ಟು ದಿನ ಬೇಕು? ಪದರದ ಮೇಲೆ ಪದರ ಹಚ್ಚುವ ಚಿತ್ರವಾದರೆ ಪ್ರತಿ ಪದರ ಒಣಗುವವರೆಗೆ ಕಾಯಬೇಕು. ತೈಲವರ್ಣ ನೀರಿನಂತೆ ಆರುವುದಿಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೇ ಮಂಗಳೂರಿನ ಆಷಾಢದಲ್ಲಿ ಆಗುವ ಕೆಲಸಕ್ಕೂ ಬಳ್ಳಾರಿಯ ಬೇಸಗೆಯಲ್ಲಿ ಆಗುವ ಕೆಲಸಕ್ಕೂ ವ್ಯತ್ಯಾಸ ಇದೆ. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸ ಇದೆ: ಅಂಬರ್ ಎಂಬ ಕಂದು ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ಸತಾಯಿಸುತ್ತದೆ.

ಮೂರು, ಮೂಲದ ಅಳತೆ. ಸಾಧ್ಯವಾದರೆ ಅದೇ ಅಳತೆಯಲ್ಲಿ ಮಾಡಿ. ಎರಡು ಮಡಿ ಹಿಗ್ಗಿಸಿದರೆ ಒಂದು ಎಳೆತದಲ್ಲಿ ಮುಗಿದ ಜಾಗಕ್ಕೆ ನೀವು ನಾಲ್ಕು ಎಳೆತ ಹಾಕಬೇಕಾಗುತ್ತದೆ, ಆಗ ಕಲಿಯುವುದು ನಿಮ್ಮದೇ ಕೈಚಳಕವನ್ನು.

ಮೋನಾಲಿಸಾ ಬೇಡ. ಕೇಳುವವರಲ್ಲಿ ಅರ್ಧ ಜನ ಇದನ್ನೇ ಕೇಳುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ಅದರ ಮೇಲೆ ಹಳದಿಗಟ್ಟಿದ ವಾರ್ನಿಷ್ ಕೂತಿದೆ. ನೀವು ಶ್ರದ್ಧೆಯಿಂದ ಬೆರೆಸುವ ಆ ಕಂದು ಹಸಿರು ಲಿಯೊನಾರ್ಡೊನದ್ದಲ್ಲ, ಐನೂರು ವರ್ಷದ್ದು. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂನಲ್ಲಿ ಅವನ ಕಾರ್ಯಾಗಾರದಲ್ಲೇ ಆದ ಒಂದು ನಕಲಿದೆ. 2012ರಲ್ಲಿ ಅದನ್ನು ಶುಚಿ ಮಾಡಿದಾಗ ಕಪ್ಪು ಹಿನ್ನೆಲೆಯ ಅಡಿಯಿಂದ ನೀಲಿ ಬೆಟ್ಟಗಳು, ಕೆಂಪು ತೋಳು, ಗುಲಾಬಿ ಕೆನ್ನೆ ಎದ್ದುಬಂದವು. ಅದನ್ನೊಮ್ಮೆ ನೋಡಿದರೆ ನಾವು ನಕಲು ಮಾಡಲು ಹೊರಟಿದ್ದು ಏನನ್ನು ಎಂಬ ಅನುಮಾನ ಬರುತ್ತದೆ.

ಕೈಯಲ್ಲಿ ಕಾಸು ಕಡಿಮೆ, ಹೋಲಿಕೆಯೂ ಬಾರದು: ಹೋಲ್ಬೈನ್

ಕ್ಯಾನ್ವಾಸು, ತೈಲವರ್ಣ, ಟರ್ಪೆಂಟೈನ್ ಏನೂ ಬೇಡ. ಹಾನ್ಸ್ ಹೋಲ್ಬೈನ್ 1526ರಲ್ಲಿ ಮೊದಲ ಸಲ ಲಂಡನ್ನಿಗೆ ಬಂದವನು, ಆಮೇಲೆ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಕೆಲಸ ಮಾಡಿದವನು. ಆಸ್ಥಾನದವರ ಮುಖಗಳನ್ನು ಅವನು ಬಣ್ಣದ ಚಾಕ್‌ನಲ್ಲಿ ಗೀಚಿಟ್ಟ ಸುಮಾರು 80 ಹಾಳೆಗಳು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಅವುಗಳಲ್ಲಿ ಬಹಳಷ್ಟು ನಸುಗುಲಾಬಿ ಬಳಿದ ಕಾಗದದ ಮೇಲಿನವು. ಆ ಗುಲಾಬಿಯೇ ಮೈಬಣ್ಣ. ನೆರಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರೆಪ್ಪೆಯ ಒಂದು ಗೆರೆ, ತುಟಿಗಳ ನಡುವಿನ ಒಂದು ಗೆರೆ, ದವಡೆಯ ಒಂದು ಗೆರೆ. ಅಷ್ಟರಲ್ಲೇ ಮನುಷ್ಯ ಬಂದು ಕೂತಿರುತ್ತಾನೆ.

ಗೆರೆ ಒಂದು ಕೂದಲೆಳೆ ಆಚೀಚೆಯಾದರೂ ಬೇರೆಯವನಾಗಿಬಿಡುತ್ತಾನೆ ಎನ್ನುವುದೇ ಇಲ್ಲಿನ ಪಾಠ. ತಪ್ಪು ಮುಚ್ಚಲು ನೆರಳಿಲ್ಲ, ಬಣ್ಣವಿಲ್ಲ. ದಪ್ಪ ಡ್ರಾಯಿಂಗ್ ಹಾಳೆಗೆ ಜಲವರ್ಣದ ನಸುಗುಲಾಬಿ ಬಳಿದು ಒಣಗಿಸಿ, ಒಂದು ಕರಿ ಚಾಕ್, ಒಂದು ಕೆಂಪು ಚಾಕ್ ಇಟ್ಟುಕೊಂಡು ಕೂತರೆ ಒಂದು ಭಾನುವಾರದ ಕೆಲಸ. ಸೋತರೆ ಹರಿದು ಹಾಕಿ. ತಿಂಗಳಿಗೆ ನಾಲ್ಕು ಮಾಡಬಹುದು.

ಬೆಳಕಿಗೆ ಹಿಡಿದು ಟ್ರೇಸ್ ಮಾತ್ರ ಮಾಡಬೇಡಿ. ಬಣ್ಣ ಕಲಿಯುವವರಿಗೆ ಟ್ರೇಸಿಂಗ್ ತಪ್ಪಲ್ಲ, ಡ್ರಾಯಿಂಗಿನ ನಾಲ್ಕು ದಿನ ಉಳಿಯುತ್ತದೆ. ಹೋಲ್ಬೈನನನ್ನು ಟ್ರೇಸ್ ಮಾಡುವುದು ಮಾತ್ರ ಬೇರೆಯವರ ಊಟವನ್ನು ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ. ಚೌಕುಳಿ ಹಾಕಿ ಬಿಡಿಸುವುದು ಮಧ್ಯದ ದಾರಿ. ಮೊದಲೆರಡಕ್ಕೆ ಚೌಕುಳಿ ಹಾಕಿ, ಮೂರನೆಯದಕ್ಕೆ ಬಿಡಿ. ಇದರ ಕೊರತೆ ಏನೆಂದರೆ ಬಣ್ಣ ಬೆರೆಸುವುದನ್ನು ಇದು ಎಳ್ಳಷ್ಟೂ ಕಲಿಸುವುದಿಲ್ಲ, ಬೆಳಕು-ನೆರಳನ್ನೂ ಕಲಿಸುವುದಿಲ್ಲ.

ಮುಖ ಚಪ್ಪಟೆಯಾಗುತ್ತದೆ ಅನ್ನುವವರಿಗೆ: ರೆಂಬ್ರಾಂಟ್

ನನ್ನನ್ನು ಕೇಳಿದರೆ, ತೈಲವರ್ಣ ಶುರು ಮಾಡುವ ಹೆಚ್ಚಿನವರು ಬರಬೇಕಾದದ್ದು ಇಲ್ಲಿಗೆ. ಮುದುಕ ರೆಂಬ್ರಾಂಟಿನ ಪ್ರಸಿದ್ಧ ಮುಖಗಳಿಗಲ್ಲ, ಸುಮಾರು 1628ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ ಅವನು ಬರೆದುಕೊಂಡ ಪುಟ್ಟ ಸ್ವಚಿತ್ರಕ್ಕೆ. ರೈಕ್ಸ್‌ಮ್ಯೂಸಿಯಂನಲ್ಲಿದೆ. ಮರದ ಹಲಗೆಯ ಮೇಲಿನ ಈ ಚಿತ್ರದ ಅಳತೆ ಬರೀ 22.6 × 18.7 ಸೆಂ.ಮೀ. ಶಾಲೆಯ ನೋಟ್‌ಬುಕ್ಕಿನಷ್ಟೇ ದೊಡ್ಡದು. ಒಂದು ಸಣ್ಣ ಕ್ಯಾನ್ವಾಸ್ ಬೋರ್ಡು ಸಾಕು, ಮೂಲದ ಅಳತೆಯಲ್ಲೇ ಮಾಡಬಹುದು.

ಚಿತ್ರವನ್ನು ಹತ್ತಿರದಿಂದ ನೋಡಿ. ಎಡಗಡೆಯಿಂದ ಬಂದ ಬೆಳಕು ಒಂದು ಕೆನ್ನೆಯನ್ನು ಸವರಿ ಹೋಗುತ್ತದೆ. ಮುಖದ ಉಳಿದ ಭಾಗ, ಕಣ್ಣುಗಳ ಸಮೇತ, ನೆರಳಲ್ಲಿದೆ. ಭಾವಚಿತ್ರ ಕಲಿಯುವವನು ಮೊದಲು ಕೂರುವುದು ಕಣ್ಣಿನ ರೆಪ್ಪೆ ಎಣಿಸಲು. ಇಲ್ಲಿ ಎಣಿಸಲು ಕಣ್ಣೇ ಸರಿಯಾಗಿ ಸಿಗುವುದಿಲ್ಲ. ಬೇರೆ ದಾರಿಯಿಲ್ಲದೆ ನೀವು ಎರಡು ದೊಡ್ಡ ಆಕಾರಗಳನ್ನು ನೋಡಲೇಬೇಕು: ಬೆಳಕಿನದೊಂದು, ನೆರಳಿನದೊಂದು. ಆಮೇಲೆ ಆ ಕತ್ತಲೆಯಲ್ಲಿ ದಿಟ್ಟಿಸಿದಾಗ ಎರಡು ಕಣ್ಣು ನಿಮ್ಮನ್ನೇ ನೋಡುತ್ತಿರುವುದು ಗೊತ್ತಾಗುತ್ತದೆ. ನೆರಳಿನ ಬಣ್ಣಕ್ಕಿಂತ ಕೂದಲೆಳೆಯಷ್ಟೇ ಗಾಢವಾದ ಬಣ್ಣ ಅದು.

ಕೂದಲು ಇನ್ನೂ ಮಜಾ. ಹಸಿ ಬಣ್ಣ ಹಚ್ಚಿ, ಕುಂಚದ ಹಿಂಬದಿಯ ಕಡ್ಡಿಯಿಂದ ಗೀರಿ ಗೀರಿ ಗುಂಗುರು ತೆಗೆದಿದ್ದಾನೆ. ನೀವೂ ಹಾಗೇ ಮಾಡಬೇಕು, ಬಣ್ಣ ಹಸಿಯಿರುವಾಗಲೇ, ಅಂಜದೆ. ನಾನು ಮೊದಲ ಸಲ ಗೀರಿದಾಗ ಬಣ್ಣದ ಜೊತೆ ಕ್ಯಾನ್ವಾಸಿನ ಬಿಳಿಯೂ ಎದ್ದು ಬಂತು, ಹುಡುಗನಿಗೆ ನರೆ ಬಂದಂತಾಯಿತು. ಅಡಿಗೆ ಮೊದಲೇ ಒಂದು ತೆಳು ಕಂದು ಪದರ ಬಳಿದು ಒಣಗಿಸಿಕೊಳ್ಳಬೇಕೆಂದು ಆಗ ತಿಳಿಯಿತು.

ಬಣ್ಣದ ಖರ್ಚೂ ಕಡಿಮೆ. ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಒಂದು ಕೆಂಪು, ಐವರಿ ಬ್ಲ್ಯಾಕ್, ಜೊತೆಗೆ ಬರ್ನ್ಟ್ ಅಂಬರ್. ಐದು ಸಣ್ಣ ಟ್ಯೂಬು. ಇದರಲ್ಲಿ ಮೊದಲ ನಾಲ್ಕನ್ನು ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್‌ನ ಹೆಸರಿನಿಂದ ಝೋರ್ನ್ ಪ್ಯಾಲೆಟ್ ಅಂತಲೇ ಕರೆಯುತ್ತಾರೆ. ನೀಲಿಯೇ ಇಲ್ಲದೆ ಹೇಗೆ ಅಂತ ಅಂಜಬೇಡಿ: ಕಪ್ಪಿಗೆ ಬಿಳಿ ಬೆರೆಸಿ ಬೆಚ್ಚನೆಯ ಬಣ್ಣದ ಪಕ್ಕ ಇಟ್ಟರೆ ಅದೇ ನೀಲಿಯಾಗಿ ಕಾಣುತ್ತದೆ. ರೆಂಬ್ರಾಂಟ್ ಬಳಸಿದ್ದು ಸೀಸದ ಬಿಳಿ. ಅದು ವಿಷ, ಮನೆಯಲ್ಲಿ ಬೇಡ. ಟೈಟೇನಿಯಂ ಅದಕ್ಕಿಂತ ತಣ್ಣಗೆ, ಮುಚ್ಚುವ ಶಕ್ತಿ ಜಾಸ್ತಿ. ಹಾಗಾಗಿ ಅದಕ್ಕೆ ಚಿಟಿಕೆ ಓಕರ್ ಬೆರೆಸಿ, ನೀವು ಅಂದುಕೊಂಡದ್ದರ ಅರ್ಧ ಮಾತ್ರ ಹಚ್ಚಿ.

ಕೊರತೆ? ಅಳತೆ ಇಷ್ಟು ಪುಟ್ಟದಾದ್ದರಿಂದ ದೊಡ್ಡ ಮುಖ ಬಿಡಿಸುವ ಧೈರ್ಯ ಇದರಿಂದ ಬರುವುದಿಲ್ಲ. ಉಡುಗೊರೆಯಾಗಿ ಕೊಡಲೂ ಇದು ಒಗ್ಗದು. ನೆಂಟರು "ಕಣ್ಣೇ ಕಾಣ್ತಿಲ್ವಲ್ಲ" ಅನ್ನುತ್ತಾರೆ.

ನಮ್ಮ ಮೈಬಣ್ಣ ಬೇಕು ಅನ್ನುವವರಿಗೆ: ಇಬ್ಬರು

ಗುಲಾಬಿ ಕೆನ್ನೆಯ ಡಚ್ಚರನ್ನು ಹತ್ತು ಸಲ ನಕಲು ಮಾಡಿ, ಆಮೇಲೆ ಅಮ್ಮನ ಮುಖ ಬಿಡಿಸಲು ಕೂತರೆ ಕೈ ತಡವರಿಸುತ್ತದೆ. ಕಂದು ಚರ್ಮದಲ್ಲಿ ಬೆಳಕು ಬಿದ್ದ ಜಾಗ ಬಿಳಿಗೆ ತಿರುಗುವುದಿಲ್ಲ, ಹೆಚ್ಚಾಗಿ ತಣ್ಣನೆಯ ಬೂದಿಗೋ ನೀಲಿಗೋ ವಾಲುತ್ತದೆ. ನೆರಳು ಕಪ್ಪಾಗದೆ ಕೆಂಪಾಗುತ್ತದೆ. ಇದನ್ನು ಕಲಿಯಲು ಎರಡು ದಾರಿ.

ಒಂದು ಸ್ಪೇನಿನ ಕಲಾವಿದ ವೆಲಾಸ್ಕೆಸ್ ಬರೆದ ಹ್ವಾನ್ ದೆ ಪರೇಹನ ಚಿತ್ರ. ಪರೇಹ ವೆಲಾಸ್ಕೆಸ್‌ನ ಗುಲಾಮ, ಅವನ ಕಾರ್ಯಾಗಾರದ ಸಹಾಯಕ. 1650ರಲ್ಲಿ ರೋಮಿನಲ್ಲಿ ಪೋಪ್ ಹತ್ತನೆಯ ಇನ್ನೊಸೆಂಟನ ಚಿತ್ರ ಬರೆಯಲಿದ್ದ ವೆಲಾಸ್ಕೆಸ್, ಅದಕ್ಕೆ ಮೊದಲು ಕೈ ಪಳಗಿಸಲು ಇವನನ್ನು ಕೂರಿಸಿದ ಎನ್ನುತ್ತಾರೆ. ಅದೇ ವರ್ಷ ಅವನ ಬಿಡುಗಡೆಯ ಪತ್ರಕ್ಕೂ ಸಹಿ ಬಿತ್ತು, ಮುಂದೆ ಪರೇಹ ತಾನೇ ಚಿತ್ರಕಾರನಾದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿರುವ ಈ ಚಿತ್ರ 81.3 × 69.9 ಸೆಂ.ಮೀ. ತಲೆ ಹೆಚ್ಚುಕಡಿಮೆ ನಿಜವಾದ ತಲೆಯಷ್ಟೇ ದೊಡ್ಡದು. ಕಂದು ಹಣೆಯ ಮೇಲಿನ ಹೊಳಪನ್ನು ಅವನು ಹೇಗೆ ಇಟ್ಟಿದ್ದಾನೆ ನೋಡಿ: ತೀಡಿಲ್ಲ, ಇಟ್ಟು ಕೈ ತೆಗೆದಿದ್ದಾನೆ. ಕೊರಳಪಟ್ಟಿಯ ಲೇಸ್ ದೂರದಿಂದ ಕಸೂತಿ, ಹತ್ತಿರ ಹೋದರೆ ಬಿಳಿಯ ಗೀಚುಗಳು.

ಬಣ್ಣ ರೆಂಬ್ರಾಂಟಿನದೇ ಐದು, ಬೇಕೆಂದರೆ ಅಲ್ಟ್ರಾಮರೀನ್ ಎಂಬ ಒಂದು ನೀಲಿ. ಆದರೆ ಇದು ಒಂದೆರಡು ಕೂರಿಕೆಯಲ್ಲಿ ಹಸಿಯ ಮೇಲೆ ಹಸಿ ಹಚ್ಚಿ ಮುಗಿಸುವ ಕೆಲಸ. ವಾರಕ್ಕೊಮ್ಮೆ ಒಂದೊಂದು ಗಂಟೆ ಬಿಡುವಾಗುವವರಿಗೆ ಹೊಂದುವುದಿಲ್ಲ. ಒಣಗಿದ ಅಂಚಿನ ಮೇಲೆ ಮತ್ತೆ ಹಸಿ ಹಚ್ಚಿದರೆ ಆ ಮೃದುತನ ಸಿಗದು. ತಲೆ ಮತ್ತು ಕೊರಳಪಟ್ಟಿ ಮಾತ್ರ ತೆಗೆದುಕೊಂಡು ಒಂದು ರಜಾದಿನ ಪೂರ್ತಿ ಕೂರುವುದಾದರೆ ಧೈರ್ಯ ಮಾಡಿ. ಪೂರ್ತಿ ಚಿತ್ರಕ್ಕೆ ಕೈ ಹಾಕಿದರೆ ಆ ಮೇಲಂಗಿಯಲ್ಲೇ ವಾರ ಕಳೆಯುತ್ತದೆ.

ಇನ್ನೊಬ್ಬರು ರಾಜಾ ರವಿವರ್ಮ. ಕರ್ನಾಟಕದಲ್ಲಿರುವವರಿಗೆ ಇಲ್ಲಿ ಬೇರೆಲ್ಲೂ ಸಿಗದ ಅನುಕೂಲವಿದೆ: ಮೂಲವನ್ನೇ ಹೋಗಿ ನೋಡಬಹುದು. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಅವರ ಹಲವು ಚಿತ್ರಗಳಿವೆ. ಅವುಗಳಲ್ಲಿ ವಾದ್ಯ ಹಿಡಿದ ಸಂಗೀತಗಾರ್ತಿಯರ ಗುಂಪೊಂದಿದೆ. ಬೇರೆ ಬೇರೆ ಸೀಮೆಯ ಉಡುಪಿನ ಹನ್ನೊಂದು ಹೆಂಗಸರು, ಹನ್ನೊಂದು ಮೈಬಣ್ಣ. ಒಬ್ಬಳ ತಲೆಯನ್ನು ಮಾತ್ರ ಆರಿಸಿಕೊಳ್ಳಿ. ಸೀರೆಯ ಜರಿ, ಜಡೆಬಿಲ್ಲೆ, ಮೂಗುಬೊಟ್ಟು ಅಂತ ಹೋದರೆ ಮುಖಕ್ಕೆ ಸಮಯ ಉಳಿಯುವುದಿಲ್ಲ. ಒಡವೆ ಬರೆಯುವುದು ಸುಲಭದ ಸುಖ, ಅದಕ್ಕೇ ಅಪಾಯ. ನಾನು ಒಂದು ಇಡೀ ಬೇಸಗೆ ಒಂದು ಕಂಠೀಹಾರದಲ್ಲಿ ಕಳೆದಿದ್ದೇನೆ.

ರವಿವರ್ಮರನ್ನು ಆರಿಸಿದರೆ ಕ್ಯಾಲೆಂಡರ್ ನೋಡಿ ಮಾತ್ರ ಬಿಡಿಸಬೇಡಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಮುದ್ರಣಾಲಯದಿಂದ ಬಂದ ಓಲಿಯೋಗ್ರಾಫ್‌ಗಳು, ಅಂದರೆ ತೈಲಚಿತ್ರದಂತೆ ಕಾಣುವ ಕಲ್ಲಚ್ಚಿನ ಪ್ರತಿಗಳು, ಮನೆಮನೆಯ ಗೋಡೆ ಸೇರಿದವು. ಆಮೇಲೆ ಅವುಗಳ ನಕಲಿನ ನಕಲು ಬೆಂಕಿಪೊಟ್ಟಣದವರೆಗೆ ಬಂತು. ಅಲ್ಲಿ ಕಾಣುವ ಗುಲಾಬಿ ಕೆನ್ನೆ ಕಲ್ಲಚ್ಚಿನವರದ್ದು, ರವಿವರ್ಮರದ್ದಲ್ಲ. ತೈಲವರ್ಣದ ಮೂಲವನ್ನು ಒಮ್ಮೆ ಎದುರು ನಿಂತು ನೋಡಿ, ಪೆನ್ಸಿಲ್ಲಿನಲ್ಲಿ ಟಿಪ್ಪಣಿ ಮಾಡಿಕೊಳ್ಳಿ: ದವಡೆಯ ಕೆಳಗೆ ಯಾವ ಬಣ್ಣ, ಕಣ್ಣಿನ ಬಿಳಿ ಎಷ್ಟು ಬೂದು. ಅವರು ಕಲಿತದ್ದೂ ಹೀಗೇ ನೋಡಿ ನೋಡಿ. 1868ರಲ್ಲಿ ತಿರುವನಂತಪುರಕ್ಕೆ ಬಂದಿದ್ದ ಯುರೋಪಿನ ಚಿತ್ರಕಾರ ಥಿಯೊಡೋರ್ ಜೆನ್ಸನ್ ತೈಲವರ್ಣ ಹೇಳಿಕೊಡಲು ಒಪ್ಪಲಿಲ್ಲ, ಬರೆಯುವಾಗ ನೋಡಲು ಬಿಟ್ಟ, ಅಷ್ಟೇ.

ಅದೇ ಅರಮನೆಯಲ್ಲಿ ಎಲ್ಲರೂ ನಿಂತು ನೋಡುವ, ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮರದ್ದಲ್ಲ, ಎಸ್.ಎಲ್. ಹಳದಣಕರ್ ಅವರದ್ದು. ತೈಲವರ್ಣವೂ ಅಲ್ಲ, ಜಲವರ್ಣ. ಬೆರಳ ಸಂದಿಯಿಂದ ಸೋರುವ ಆ ಬೆಳಕು ನೋಡಿ ಇದನ್ನೇ ಮಾಡುತ್ತೇನೆ ಅನ್ನುವವರನ್ನು ನಾನು ತಡೆಯುತ್ತೇನೆ. ಜಲವರ್ಣದಲ್ಲಿ ಇಟ್ಟ ಬಣ್ಣವನ್ನು ಹಿಂದಕ್ಕೆ ತೆಗೆಯಲಾಗದು, ಕಲಿಯುವ ಕೈಗೆ ಅದು ಕ್ರೂರ. ಹಳದಣಕರ್ ತೀರಿಕೊಂಡದ್ದು 1968ರಲ್ಲಿ. ನಮ್ಮ ಕಾಯಿದೆಯಲ್ಲಿ ಹಕ್ಕು ಕಲಾವಿದ ಹೋದ ಮೇಲೂ 60 ವರ್ಷ ಇರುತ್ತದೆ. ಮನೆಯಲ್ಲಿ ಕಲಿಯಲು ಬಿಡಿಸುವುದು ಬೇರೆ, ಮಾರಲು ಹೊರಡುವುದು ಬೇರೆ.

ಹಾಗಾದರೆ ವರ್ಮೀರ್ ಯಾರಿಗೆ?

ಸುಮಾರು 1665ರ ಆ ಹುಡುಗಿ, ದಿ ಹೇಗ್‌ನ ಮೌರಿತ್ಸ್‌ಹೌಸ್‌ನಲ್ಲಿರುವವಳು, ಡ್ರಾಯಿಂಗ್ ಮತ್ತು ಬೆಳಕು-ನೆರಳು ಎರಡೂ ಪಳಗಿದ ಮೇಲೆ ಬರಬೇಕಾದವಳು. ಅವಳು ಕಲಿಸುವುದು ಅಂಚನ್ನು, ಕತ್ತರಿಸಿ ಅಂಟಿಸಿದಂತಿರುವ ಮುಖಕ್ಕೆ ಮದ್ದು ಅದೇ. ಎಲ್ಲಿ ಗೆರೆ ಇರಬೇಕು, ಎಲ್ಲಿ ಕರಗಬೇಕು, ಎಲ್ಲಿ ಇರಲೇಬಾರದು. ಓಲೆಯನ್ನೇ ನೋಡಿ: ಮೇಲೊಂದು ದಟ್ಟ ಬಿಳಿ ಚುಕ್ಕೆ, ಕೆಳಗೆ ಬಿಳಿ ಕೊರಳಪಟ್ಟಿಯ ಮಸುಕು ಪ್ರತಿಫಲನ. ಕಿವಿಗೆ ಸಿಕ್ಕಿಸುವ ಕೊಂಡಿಯೇ ಇಲ್ಲ, ಸುತ್ತ ಗೆರೆಯೂ ಇಲ್ಲ. ನನ್ನ ನಕಲಿನಲ್ಲಿ ಕೊಂಡಿಯೂ ಇತ್ತು, ಗೆರೆಯೂ ಇತ್ತು. ಹಿನ್ನೆಲೆ ಬರೀ ಕಪ್ಪು ಅಂತ ಕಪ್ಪು ಬಳಿದಿದ್ದೆ. ಅದು ಮೊದಲು ಕಪ್ಪಿನ ಮೇಲೆ ಹಸಿರು ಗ್ಲೇಝ್, ಅಂದರೆ ಅಡಿಯ ಬಣ್ಣ ಕಾಣುವಷ್ಟು ತೆಳು ಪದರ, ಹೊದಿಸಿದ ಪರದೆಯಾಗಿತ್ತು, ಆ ಹಸಿರು ಕಾಲದಲ್ಲಿ ಹಾಳಾಗಿದೆ ಎಂದು ಮ್ಯೂಸಿಯಂನವರ ಪರೀಕ್ಷೆಗಳು ತೋರಿಸಿವೆ.

ಬಜೆಟ್ಟಿನಲ್ಲಿ ಇವಳು ದುಬಾರಿ, ಆದರೆ ಜನ ಹೆದರುವಷ್ಟಲ್ಲ. ತಲೆಬಟ್ಟೆಯ ನೀಲಿಗೆ ವರ್ಮೀರ್ ಬಳಸಿದ್ದು ಲಾಪಿಸ್ ಲಾಜುಲಿ ಕಲ್ಲಿನ ಅಲ್ಟ್ರಾಮರೀನ್. ಈಗಿನ ಕಾರ್ಖಾನೆಯ ಅಲ್ಟ್ರಾಮರೀನ್ ಟ್ಯೂಬು ಮಾಮೂಲಿ ದರದ್ದು, ಕಲಿಕೆಗೆ ಧಾರಾಳ. ದುಬಾರಿಯಾಗುವುದು ಸಮಯ. ಅಡಿಪದರ, ಅದು ಒಣಗಲು ಕಾಯುವುದು, ಮೇಲೆ ತೆಳು ಗ್ಲೇಝ್, ಮತ್ತೆ ಕಾಯುವುದು. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವ, ಮಕ್ಕಳು ಮಲಗಿದ ಮೇಲೆ ಕೂರುವವರಿಗೆ ಇದೇ ವರವಾಗಬಹುದು: ಪದರದ ಕೆಲಸ ತುಂಡು ತುಂಡಾಗಿ ಮಾಡಬಹುದಾದ ಕೆಲಸ. ರಜೆಯಲ್ಲಿ ಒಂದೇ ಉಸಿರಿಗೆ ಮುಗಿಸುವವರಿಗೆ ಶಿಕ್ಷೆ. ಅಕ್ರಿಲಿಕ್‌ನಲ್ಲಿ ಮಾಡಿದರೆ ಕಾಯುವುದು ತಪ್ಪುತ್ತದೆ, ಆದರೆ ನಿಮಿಷಗಳಲ್ಲಿ ಒಣಗುವ ಬಣ್ಣದಲ್ಲಿ ಈ ಕರಗಿದ ಅಂಚುಗಳನ್ನು ತರುವುದು ಹೆಣಗಾಟ. ಅಕ್ರಿಲಿಕ್ ಮಾತ್ರ ಇದ್ದರೆ ರೆಂಬ್ರಾಂಟಿಗೇ ಹೋಗಿ, ಕೂದಲು ಗೀರುವುದನ್ನು ಬಿಟ್ಟುಕೊಡಿ.

ಹೊರದೇಶದಲ್ಲಿರುವ ಕನ್ನಡಿಗರು ಈ ಲೆಕ್ಕವನ್ನು ಸ್ವಲ್ಪ ಬದಲಿಸಿಕೊಳ್ಳಬಹುದು. ಮನೆಯ ಹತ್ತಿರ ಯಾವ ಮ್ಯೂಸಿಯಂ ಇದೆಯೋ ಅಲ್ಲಿನ ಮುಖವನ್ನೇ ಆರಿಸಿ. ಪೆನ್ಸಿಲ್ ಮತ್ತು ಸಣ್ಣ ಪುಸ್ತಕಕ್ಕೆ ಬಹಳಷ್ಟು ಕಡೆ ತಡೆಯಿಲ್ಲ. ಈಸೆಲ್ ಇಟ್ಟು ಬಣ್ಣ ಹಚ್ಚಲು ಮಾತ್ರ ಅನುಮತಿ ಬೇಕು. ಪ್ಯಾರಿಸ್ಸಿನ ಲೂವ್ರ್ 1793ರಿಂದಲೂ ನಕಲುಗಾರರನ್ನು ಒಳಗೆ ಬಿಡುತ್ತಿದೆ. ನಕಲು ಮೂಲದ ಅಳತೆಯದ್ದಾಗಿರಬಾರದು, ಮೂಲದ ಸಹಿ ಹಾಕಬಾರದು ಎನ್ನುವುದು ಅಲ್ಲಿನ ಕಟ್ಟಳೆ.

ಯಾವುದನ್ನೇ ಆರಿಸಿ, ಶುರು ಮಾಡುವ ಮೊದಲು ಫೋನಿನಲ್ಲಿ ಮೂಲವನ್ನು ಕಪ್ಪುಬಿಳುಪು ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ಕೂರಿಕೆಯ ಕೊನೆಗೆ ನಿಮ್ಮದನ್ನೂ ಹಾಗೇ ಫೋಟೊ ತೆಗೆದು ಜೋಡಿಸಿ ನೋಡಿ. ಬಣ್ಣ ಸರಿಯಿದೆ ಆದರೂ ಏನೋ ಸರಿಯಿಲ್ಲ ಅನ್ನಿಸುವುದರ ಕಾರಣ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ. ತೈಲವರ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಮುಗಿದ ಮೇಲೆ ಹಿಂಬದಿಯಲ್ಲಿ ಯಾರ ಚಿತ್ರದ ನಕಲು, ನಿಮ್ಮ ಹೆಸರು, ತಾರೀಖು ಬರೆದಿಡಿ. ನೆಗಡಿಯ ಹುಡುಗಿ ನನ್ನ ಬಳಿ ಈಗಲೂ ಇದ್ದಾಳೆ, ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ. ಅತ್ತೆ ಬಂದಾಗಲೆಲ್ಲ ಹೊರಗೆ ತೆಗೆಸುತ್ತಾರೆ. ಕಳೆದ ದೀಪಾವಳಿಗೆ ಬಂದವರು ಅವಳ ಪಕ್ಕಕ್ಕೆ ನನ್ನ ಮೂರನೆಯ ರೆಂಬ್ರಾಂಟನ್ನು ಇಡಿಸಿ, ದೂರ ನಿಂತು ನೋಡಿ, "ಈ ಹುಡುಗ ಏನೋ ಯೋಚನೆ ಮಾಡ್ತಿದಾನೆ ಕಣೋ" ಅಂದರು. ಕಣ್ಣು ಕಾಣುತ್ತಿಲ್ಲ ಅಂತ ಮಾತ್ರ ಅನ್ನಲಿಲ್ಲ.